ವಿಯೆನ್ನಾದಲ್ಲಿ ಏಳು ದಿನ: ಒಂದು ಪಾಸು, ಒಂದು ಸಂತೆ, 31ನೇ ನಂಬರ್ ಟ್ರಾಮ್

"ವಿಯೆನ್ನಾಕ್ಕೆ ಎರಡು ದಿನ ಸಾಕು, ಏಳು ದಿನ ಕೂತು ಏನು ಮಾಡ್ತೀರಿ?" ಅಂದವರೇ ಹೆಚ್ಚು. 2023ರ ಮೇ ತಿಂಗಳಲ್ಲಿ ಅಲ್ಲಿನವರು ಓಡಾಡುವ ಹಾಗೇ ಓಡಾಡಿ, ವಿಮಾನದ ಖರ್ಚು ಬಿಟ್ಟು ತಲೆಗೆ ಸುಮಾರು 480 ಯೂರೋದಲ್ಲಿ ಮುಗಿಸಿದೆ. ವೀಸಾ, ಫಾರೆಕ್ಸ್ ಕಾರ್ಡು ನಿಮಗೆ ಗೊತ್ತಿರುವುದೇ, ನೇರ ವಿಷಯಕ್ಕೆ ಬರ್ತೀನಿ.

ಮೊದಲು ಮನೆ. ಅಲ್ಲಿನ ಪಿನ್ ಕೋಡಿನ ನಡುವಿನ ಎರಡಂಕಿಯೇ ಜಿಲ್ಲೆಯ ನಂಬರು. 1010 ಅಂದರೆ ಒಂದನೇದು, ನಟ್ಟನಡು ಪೇಟೆ. 1160 ಅಂದರೆ 16ನೇದು, ಒಟ್ಟಾಕ್ರಿಂಗ್. ನಾನು ಹಿಡಿದದ್ದು 1160ರಲ್ಲಿ, ಇಬ್ಬರಿಗೆ ರಾತ್ರಿಗೆ 70 ಯೂರೋ ಆಸುಪಾಸು. ವಿಳಾಸದಲ್ಲಿ 12/2/14 ಅಂತಿದ್ದರೆ ಕಟ್ಟಡ 12, ಮೆಟ್ಟಿಲು 2, ಬಾಗಿಲು 14. ಇದು ತಿಳಿಯದೆ ಅರ್ಧ ಗಂಟೆ ತಪ್ಪು ಮೆಟ್ಟಿಲು ಹತ್ತಿ ಇಳಿದದ್ದಾಯಿತು. ಹಳೇ ಕಟ್ಟಡಗಳಲ್ಲಿ ಇನ್ನೊಂದು ಮೋಸವಿದೆ: ನೆಲಮಹಡಿ ದಾಟಿದ ಮೇಲೆ ಹೋಖ್‌ಪಾರ್ಟೆರ್, ಮೆಜ್ಜನೀನ್ ಅಂತ ಬಂದು, ಆಮೇಲೆ 'ಒಂದನೇ ಮಹಡಿ' ಶುರು. ಎರಡನೇ ಮಹಡಿ ಅಂತ ಬುಕ್ ಮಾಡಿದ್ದು ನಾಲ್ಕನೇದಾಗಿರಬಹುದು. ಲಿಫ್ಟ್ ಇದೆಯಾ ಕೇಳಿಕೊಳ್ಳಿ, ಸೂಟ್‌ಕೇಸು 23 ಕೆಜಿ ಇರುತ್ತೆ.

ಪಾಸು, ಅಂದರೆ ಊರಿನ ಮೆಟ್ರೊ, ಟ್ರಾಮ್, ಬಸ್ಸಿಗೆಲ್ಲ ನಡೆಯುವ ಒಂದೇ ಟಿಕೆಟು. ಆಗ ವಾರದ ಪಾಸಿಗೆ 17 ಯೂರೋ ಚಿಲ್ಲರೆ, ಮೂರು ದಿನದ್ದಕ್ಕೂ ಅಷ್ಟೇ! ಆದರೆ ವಾರದ್ದು ಸೋಮವಾರ ಶುರುವಾಗಿ ಮುಂದಿನ ಸೋಮವಾರ ಬೆಳಿಗ್ಗೆ 9ಕ್ಕೆ ಮುಗಿಯುತ್ತಿತ್ತು. ಗುರುವಾರ ಇಳಿದು ಕೊಂಡರೆ ಅರ್ಧ ದುಡ್ಡು ಹೊಳೆಗೆ. ಅದಕ್ಕೇ ವಿಮಾನವನ್ನೇ ಸೋಮವಾರಕ್ಕೆ ಹೊಂದಿಸಿದೆ. ಈಗಿನ ದರ, ನಿಯಮ ಹೊರಡುವ ಮುಂಚೆ ನೋಡಿಕೊಳ್ಳಿ. ಏರ್‌ಪೋರ್ಟಿನಿಂದ ಊರ ನಡುವಿನ ವೀನ್ ಮಿಟ್ಟೆ ಸ್ಟೇಷನ್ನಿಗೆ 16 ನಿಮಿಷದ ಎಕ್ಸ್‌ಪ್ರೆಸ್ಸಿಗೆ ಹತ್ತು ಯೂರೋ ಮೇಲೆ ಆಗುತ್ತೆ; ಎಸ್7 ಲೋಕಲ್ ರೈಲು ಅದೇ ಸ್ಟೇಷನ್ನಿಗೆ 25 ನಿಮಿಷ. ಪಾಸಿದ್ದರೆ ನಗರದ ಗಡಿಯಾಚೆಯ ತುಂಡಿಗಷ್ಟೇ ಟಿಕೆಟು, ಆಗ ಎರಡು ಯೂರೋ ಆಸುಪಾಸು. ಸ್ಟೇಷನ್ನುಗಳಲ್ಲಿ ಗೇಟಿಲ್ಲ ಅಂತ ಮೈಮರೆಯಬೇಡಿ. ಬಿಡಿ ಟಿಕೆಟನ್ನು ನೀಲಿ ಡಬ್ಬಿಗೆ ತೂರಿಸಿ ಮುದ್ರೆ ಒತ್ತಿಸದಿದ್ದರೆ ಟಿಕೆಟೇ ಇಲ್ಲದ ಲೆಕ್ಕ, ದಂಡ ನೂರು ಯೂರೋ ಮೇಲೆ.

ಊಟದಲ್ಲಿ ಸಸ್ಯಾಹಾರಿಗಳು ಬೀಳುವ ಗುಂಡಿಗಳು ಜಾಸ್ತಿ. ಕೇಸೆಕ್ರೈನರ್ ಹೆಸರಲ್ಲಿ ಚೀಸ್ ಇದೆ ನಿಜ, ಆದರೆ ಅದು ಚೀಸ್ ತುಂಬಿದ ಮಾಂಸದ ಸಾಸೇಜು. ಫ್ರಿಟ್ಟಾಟೆನ್‌ಸುಪ್ಪೆಯಲ್ಲಿ ತೇಲುವುದು ದೋಸೆಯಂಥದ್ದರ ಎಳೆಗಳು, ಸಾರು ಮಾತ್ರ ದನದ ಮಾಂಸದ್ದು. ಆಲೂ ಸಲಾಡೂ ಬಹಳ ಕಡೆ ಅದೇ ಸಾರಿನಲ್ಲಿ ಕಲಸಿದ್ದು. ಇದು ನನಗೆ ತಿಳಿದದ್ದು ನಾಲ್ಕನೇ ದಿನ. ಕೇಸೆಸ್ಪೆಟ್ಸ್‌ಲೆ, ಅಂದರೆ ಚೀಸ್ ಬೆರೆಸಿದ ಮೊಟ್ಟೆ-ಹಿಟ್ಟಿನ ತುಣುಕುಗಳು, ನಂಬಬಹುದು, ಮೊಟ್ಟೆ ನಡೆಯುವುದಾದರೆ. ಬೇಕನ್ ಬೇಡ ಅಂತ ಒಂದು ಮಾತು ಹೇಳಿ. ಮಧ್ಯಾಹ್ನ ಎರಡರೊಳಗೆ ಹೋದರೆ 'ಮಿಟಾಗ್ಸ್‌ಮೆನ್ಯೂ', ಸೂಪು ಮತ್ತು ಒಂದು ತಟ್ಟೆ ಊಟ, ಆಗ ಹತ್ತು ಯೂರೋಗೆ. ಅದೇ ಹೋಟೆಲು ರಾತ್ರಿ ಹದಿನೆಂಟು ಕೀಳುತ್ತಿತ್ತು. ನೀರು ಕೊಳ್ಳಲೇಬೇಡಿ. ನಲ್ಲಿಯಲ್ಲಿ ಬರುವುದು ಆಲ್ಪ್ಸ್ ಬೆಟ್ಟದ ಊಟೆ ನೀರು, 1873ರಿಂದ ಕೊಳವೆಯಲ್ಲಿ ಇಳಿದು ಬರ್ತಿದೆ.

ಬಿಲ್ಲು ಕೊಡುವಾಗ ಟಿಪ್ಸ್ ಸೇರಿಸಿ ಮೊತ್ತ ಬಾಯಲ್ಲಿ ಹೇಳಬೇಕು: 10.80 ಆದರೆ "ಟ್ಸ್ವೆಲ್ಫ್", ಅಂದರೆ ಹನ್ನೆರಡು. ನೋಟು ಕೈಗಿಡುತ್ತಾ "ಡಾಂಕೆ" (ಥ್ಯಾಂಕ್ಸ್) ಅಂದರೆ ಚಿಲ್ಲರೆ ನೀವೇ ಇಟ್ಟುಕೊಳ್ಳಿ ಅಂತ ಅರ್ಥ. ನನ್ನ ಒಂಬತ್ತು ಯೂರೋ ಹೋದದ್ದು ಹೀಗೇ, ಬರೀ ಮರ್ಯಾದೆಗೆ.

ಶನಿವಾರ ಸಂಜೆ ಆರಕ್ಕೆ ಅಂಗಡಿ ಮುಚ್ಚಿದರೆ ತೆರೆಯುವುದು ಸೋಮವಾರ. ದೊಡ್ಡ ರೈಲ್ವೆ ಸ್ಟೇಷನ್ನುಗಳ ಸೂಪರ್‌ಮಾರ್ಕೆಟ್ಟು ಭಾನುವಾರವೂ ಇರುತ್ತೆ, ಆದರೆ ಕ್ಯೂ ನೋಡಿದರೆ ಉಪವಾಸವೇ ವಾಸಿ. ಬ್ರುನ್ನೆನ್‌ಮಾರ್ಕ್ಟ್ ಸಂತೆಗೆ ಶನಿವಾರ ಮಧ್ಯಾಹ್ನ, ಅಂಗಡಿ ಎತ್ತುವ ಹೊತ್ತಿಗೆ ಹೋಗಿ. ಟೊಮೆಟೊ, ಹಣ್ಣು ಬುಟ್ಟಿಗಟ್ಟಲೆ ಒಂದೆರಡು ಯೂರೋಗೆ ಸಿಕ್ಕಿತ್ತು. ಎಷ್ಟು ಗಂಟೆಗೆ ಯಾವ ತುದಿಯಿಂದ ಶುರು ಮಾಡಬೇಕು ಅನ್ನುವುದನ್ನು ನೀವೇ ಕಂಡುಕೊಳ್ಳಿ, ಅಷ್ಟೂ ಹೇಳಿಬಿಟ್ಟರೆ ಹೇಗೆ.

ನಡುವೆ ಒಂದು ಪ್ರಯೋಗ: ಒಪೆರಾ ಹೌಸಿನ ನಿಂತು ನೋಡುವ ಜಾಗ. ಆಗ ಹತ್ತು ಯೂರೋ ಚಿಲ್ಲರೆ. ಜಾಗ ಹಿಡಿದು ಕಂಬಿಗೆ ಶಾಲು ಕಟ್ಟಿ ಹೊರಗೆ ಹೋಗಿ ಬರಬಹುದು. ಕಟ್ಟಿದ ಜಾಗ ಯಾರೂ ಮುಟ್ಟಲ್ಲ, ನಮ್ಮ ಬಸ್ಸಿನ ಟವೆಲ್ ಕಾನೂನೇ. ಮೂರು ಗಂಟೆ ನಿಲ್ಲಲು ಮಂಡಿ ಗಟ್ಟಿ ಬೇಕು. ಇಂಟರ್ವಲ್ಲಿಗೆ ಹೊರಟು ಬಂದೆ, ಬೇಸರವೇನಿಲ್ಲ.

ಭಾನುವಾರ ಊರಿನವರೆಲ್ಲ ಬೆಟ್ಟಕ್ಕೆ. ಡಿ ಟ್ರಾಮಿನ ಕೊನೇ ಸ್ಟಾಪು ನುಸ್‌ಡೋರ್ಫ್‌ನಲ್ಲಿ ಇಳಿದು 1ನೇ ನಂಬರಿನ ನಡಿಗೆ ದಾರಿ ಹಿಡಿಯಿರಿ: ದ್ರಾಕ್ಷಿ ತೋಟಗಳ ನಡುವೆ 484 ಮೀಟರಿನ ಕಾಲೆನ್‌ಬೆರ್ಗ್ ಹತ್ತಿ ಇಳಿದರೆ ಒಟ್ಟು 11 ಕಿ.ಮೀ. ಸುಸ್ತಾದರೆ ಮೇಲಿಂದ 38ಎ ಬಸ್ಸು, ಅದೇ ಪಾಸು ನಡೆಯುತ್ತೆ.

ಹೊಯ್ರಿಗರ್, ಅಂದರೆ ತೋಟದವರೇ ನಡೆಸುವ ವೈನ್ ಮನೆ, ನೋಡಲು ಟೂರಿಸ್ಟರು ಗ್ರಿಂಟ್ಸಿಂಗ್‌ಗೆ ಹೋಗ್ತಾರೆ. ನೀವು ಶೊಟ್ಟೆನ್‌ರಿಂಗ್‌ನಲ್ಲಿ 31ನೇ ನಂಬರ್ ಟ್ರಾಮ್ ಹತ್ತಿ ಕೊನೇ ಸ್ಟಾಪು ಸ್ಟಾಮರ್ಸ್‌ಡೋರ್ಫ್‌ಗೆ ಹೋಗಿ. ಬಾಗಿಲಲ್ಲಿ ಹಸಿರು ಪೈನ್ ಕೊಂಬೆ ಕಟ್ಟಿದ್ದರೆ ತೆರೆದಿದೆ ಅಂತ. ವೈನು ಮೇಜಿಗೆ ಬರುತ್ತೆ, ತಿಂಡಿ ಒಳಗಿನ ಕೌಂಟರಿನಿಂದ ನೀವೇ ತರಬೇಕು. ಚಿಲ್ಲರೆ ಇಟ್ಟುಕೊಳ್ಳಿ, ಕಾರ್ಡು ನಡೆಯದ ಕಡೆಗಳಿವೆ. ನಾನು ಎರಡು ಸಲ ಹೋದ ಮನೆಯ ಹೆಸರು ಹೇಳಲ್ಲ. ಸ್ಟಾಪಿನಿಂದ ನಡೆದು ಕೊಂಬೆ ಹುಡುಕಿ.