ಕಲಬುರಗಿಯಿಂದ ರೈಲು ಹತ್ತಿ ನೇಪಾಳಕ್ಕೆ: ಕಡಿಮೆ ಖರ್ಚಿನ ಪ್ರಯಾಣದ ನನ್ನ ಅನುಭವ

ವಿದೇಶ ಪ್ರಯಾಣವೆಂದರೆ ಹೈದರಾಬಾದಿನ ವಿಮಾನ ನಿಲ್ದಾಣದಿಂದಲೇ ಆರಂಭವಾಗಬೇಕೆಂದು ನಮ್ಮ ಕಡೆಯ ಹೆಚ್ಚಿನ ಯುವಕ ಯುವತಿಯರು ತಿಳಿದಿದ್ದಾರೆ. ಟಿಕೆಟ್ಟಿನ ದರ ನೋಡಿದ ಮೇಲೆ ಆ ಆಸೆಯನ್ನೇ ಬಿಟ್ಟುಬಿಡುತ್ತಾರೆ. ಕಲಬುರಗಿಯಲ್ಲಿ ಪದವಿ ಮುಗಿಸಿ ಸಣ್ಣ ಸಂಬಳದ ಕೆಲಸಕ್ಕೆ ಸೇರಿದ್ದ ನಾನು ಮೊದಲ ಬಾರಿಗೆ ದೇಶದ ಗಡಿಯನ್ನು ದಾಟಿದ್ದು ಉತ್ತರ ಪ್ರದೇಶದ ಸುನೌಲಿಯಲ್ಲಿ, ಬೆನ್ನಿಗೊಂದು ಚೀಲ ಹಾಕಿಕೊಂಡು, ಕಾಲ್ನಡಿಗೆಯಲ್ಲಿ. ಕಡಿಮೆ ಹಣದಲ್ಲಿ ಹೊರದೇಶ ನೋಡಬೇಕೆನ್ನುವವರು ರೈಲು ಮತ್ತು ಬಸ್ಸಿನಲ್ಲಿ ತಲುಪಬಹುದಾದ ದೇಶವನ್ನು ಮೊದಲು ಆರಿಸಿಕೊಳ್ಳಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಏಕೆಂದರೆ ನಮ್ಮಂಥ ಒಳನಾಡಿನ ಊರಿನವರಿಗೆ ಊಟ, ವಸತಿಗಿಂತ ದೊಡ್ಡ ಹೊರೆಯಾಗುವುದು ಅಲ್ಲಿಗೆ ಹೋಗಿ ಬರುವ ಖರ್ಚು.

ದೇಶವನ್ನು ಆರಿಸುವಾಗ ಭೂತಾನವನ್ನೂ ಪರಿಶೀಲಿಸಿದ್ದೆ. ಅಲ್ಲಿ ಭಾರತೀಯರು 2022ರಿಂದ ಪ್ರತಿ ರಾತ್ರಿಗೆ 1,200 ರೂಪಾಯಿ ಶುಲ್ಕ ಕಟ್ಟಬೇಕು. ವಸತಿ, ಊಟ ಇದರ ಮೇಲಿನ ಮಾತು. ನೇಪಾಳಕ್ಕೆ ಅಂಥ ಶುಲ್ಕವೂ ಇಲ್ಲ, ವೀಸಾವೂ ಬೇಡ. 1950ರ ಒಪ್ಪಂದದ ಫಲವಾಗಿ ಎರಡೂ ದೇಶದವರು ಪರಸ್ಪರ ನೆಲದಲ್ಲಿ ಬಹುಮಟ್ಟಿಗೆ ಮುಕ್ತವಾಗಿ ಓಡಾಡಬಹುದು. ಪಾಸ್‌ಪೋರ್ಟ್ ಇಲ್ಲದಿದ್ದರೆ ಚುನಾವಣಾ ಆಯೋಗದ ಮತದಾರರ ಗುರುತಿನ ಚೀಟಿ ಸಾಕು, ಆದರೆ 15ರಿಂದ 65 ವರ್ಷದೊಳಗಿನವರಿಗೆ ಆಧಾರ್ ಕಾರ್ಡ್ ನಡೆಯುವುದಿಲ್ಲ. ನಾನು ಎರಡು ದಾಖಲೆಗಳನ್ನೂ ಬೇರೆಬೇರೆ ಕಡೆ ಇಟ್ಟುಕೊಂಡಿದ್ದೆ.

ಕಲಬುರಗಿಯ ಮೂಲಕ ಹಾದುಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಭೋಪಾಲದವರೆಗೆ, ಅಲ್ಲಿಂದ ಮುಂಬೈ ಕಡೆಯಿಂದ ಬರುವ ಕುಶಿನಗರ ಎಕ್ಸ್‌ಪ್ರೆಸ್ಸಿನಲ್ಲಿ ಗೋರಖಪುರದವರೆಗೆ ಸ್ಲೀಪರ್ ದರ್ಜೆಯಲ್ಲಿ ಹೋದೆ. ಈಗ ಮುಂಗಡ ಕಾಯ್ದಿರಿಸುವಿಕೆ 60 ದಿನ ಮೊದಲು ತೆರೆಯುತ್ತದೆ. ಉತ್ತರ ಪ್ರದೇಶದ ಕಡೆಯ ರೈಲುಗಳಲ್ಲಿ ಸೀಟು ಬೇಗ ತುಂಬುವುದರಿಂದ ಎರಡನೆಯ ರೈಲಿನ ಟಿಕೆಟ್ಟನ್ನು ಮೊದಲು ಹಿಡಿದು, ಅದಕ್ಕೆ ಹೊಂದುವಂತೆ ಕಲಬುರಗಿಯ ಟಿಕೆಟ್ಟನ್ನು ಮಾಡಿಸಿದೆ. ಎರಡು ರೈಲುಗಳ ನಡುವೆ ಸಾಕಷ್ಟು ಗಂಟೆಗಳ ಬಿಡುವು ಇಟ್ಟುಕೊಳ್ಳುವುದು ಕ್ಷೇಮ. ಗೋರಖಪುರದಿಂದ ಸುನೌಲಿ ಸುಮಾರು 100 ಕಿಲೋಮೀಟರ್. ಸರ್ಕಾರಿ ಬಸ್ಸುಗಳು ಸಿಗುತ್ತವೆ.

ಹಣದ ವಿಷಯ ನೇಪಾಳದಲ್ಲಿ ಸರಳವಾಗಿದೆ. ನಮ್ಮ 100 ರೂಪಾಯಿಗೆ ಅಲ್ಲಿನ 160 ರೂಪಾಯಿ ಎಂಬ ಸ್ಥಿರ ದರ 1993ರಿಂದ ಬದಲಾಗಿಲ್ಲ, ಆದ್ದರಿಂದ ಅಂಗಡಿಯ ಮುಂದೆ ನಿಂತೇ ಲೆಕ್ಕ ಹಾಕಬಹುದು. ನಾನು ಹೋದಾಗ 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳಿಗೆ ಅಲ್ಲಿ ಮಾನ್ಯತೆ ಇರಲಿಲ್ಲವಾದ್ದರಿಂದ ಊರಿನಲ್ಲಿಯೇ ಬ್ಯಾಂಕಿನಿಂದ 100ರ ಕಟ್ಟುಗಳನ್ನು ಪಡೆದುಕೊಂಡಿದ್ದೆ. 2024ರ ಮಾರ್ಚಿನಿಂದ ಅಲ್ಲಿನ ಫೋನ್‌ಪೇ (Fonepay, ನಮ್ಮ PhonePe ಅಲ್ಲ) ಜಾಲದ ಕ್ಯುಆರ್ ಸಂಕೇತಗಳಿಗೆ ನಮ್ಮ ಯುಪಿಐ ಮೂಲಕ ಹಣ ಕೊಡುವ ವ್ಯವಸ್ಥೆಯೂ ಬಂದಿದೆ. ಪೇಟೆಗಳಲ್ಲಿ ಅದು ಉಪಯೋಗಕ್ಕೆ ಬರುತ್ತದೆ, ಬೆಟ್ಟದ ಹಳ್ಳಿಗಳಲ್ಲಿ ನಗದೇ ಗತಿ. ಇನ್ನೊಂದು ಮಾತು: ನೇಪಾಳದ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದಿದೆ. ಬೆಳಗಿನ ಬಸ್ಸು ಹಿಡಿಯುವವರು ಗಡಿಯಲ್ಲಿಯೇ ಕೈಗಡಿಯಾರ ತಿದ್ದಿಕೊಳ್ಳಬೇಕು.

ಗಡಿ ದಾಟಿದವರೆಲ್ಲ ನೇರವಾಗಿ ಪೋಖರಾ ಅಥವಾ ಕಾಠ್ಮಂಡುವಿನ ಬಸ್ಸು ಹತ್ತುತ್ತಾರೆ. ಗಡಿಯ ಸಮೀಪದ ನೇಪಾಳದ ಪಟ್ಟಣ ಭೈರಹವಾದಿಂದ ಒಂದು ಗಂಟೆಯೊಳಗೆ ತಲುಪಬಹುದಾದ ಲುಂಬಿನಿಯನ್ನು ಕಲಬುರಗಿ ಜಿಲ್ಲೆಯವರು ಬಿಟ್ಟು ಹೋಗಬಾರದು. ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಬಳಿಯ ಕನಗನಹಳ್ಳಿಯಲ್ಲಿ ‘ರಾಯ ಅಸೋಕೋ’ ಎಂಬ ಬರಹವಿರುವ ಅಶೋಕನ ಶಿಲ್ಪವನ್ನು ಕಾಲೇಜಿನ ದಿನಗಳಲ್ಲಿ ನೋಡಿದ್ದ ನನಗೆ, ಅದೇ ಅರಸ ಬುದ್ಧ ಹುಟ್ಟಿದ ನೆಲಕ್ಕೆ ತಾನೇ ಬಂದು ನಿಲ್ಲಿಸಿದ ಕಂಬದೆದುರು ನಿಂತಾಗ, ಭೀಮಾ ತೀರಕ್ಕೂ ಹಿಮಾಲಯದ ತಪ್ಪಲಿಗೂ ನಡುವೆ ಇಷ್ಟು ಹಳೆಯ ನಂಟಿದೆಯೆಂಬುದು ಮನಸ್ಸಿಗೆ ಇಳಿಯಿತು. ಆ ಊರಿನ ತೆರಿಗೆಯನ್ನು ಇಳಿಸಿದ ಸಂಗತಿಯೂ ಕಂಬದ ಬ್ರಾಹ್ಮೀ ಲಿಪಿಯ ಶಾಸನದಲ್ಲಿದೆ. ಅನೇಕ ಬೌದ್ಧ ದೇಶಗಳು ಅಲ್ಲಿ ವಿಹಾರಗಳನ್ನು ಕಟ್ಟಿಸಿವೆ. ಕೊರಿಯಾದ ವಿಹಾರದಲ್ಲಿ ಸ್ವಲ್ಪ ಹಣಕ್ಕೆ ಮಲಗಲು ಜಾಗ ಮತ್ತು ಸಸ್ಯಾಹಾರದ ಊಟ ದೊರೆಯುತ್ತದೆ. ತಟ್ಟೆಯನ್ನು ನಾವೇ ತೊಳೆದಿಡಬೇಕು, ರಾತ್ರಿ ಮೌನವಾಗಿರಬೇಕು. ಹೋಟೆಲಿನಲ್ಲಿ ಇಳಿದಿದ್ದರೆ ಆ ಶಾಂತಿ ನನಗೆ ಸಿಗುತ್ತಿರಲಿಲ್ಲ.

ಪೋಖರಾದ ಫೇವಾ ಕೆರೆಯ ದಡದಲ್ಲಿ ಹಾಸ್ಟೆಲಿನ ಸಾಮೂಹಿಕ ಕೋಣೆಯ ಹಾಸಿಗೆ ನೇಪಾಳದ 500 ರೂಪಾಯಿಯ ಆಸುಪಾಸಿನಲ್ಲಿ ಸಿಕ್ಕಿತು. ನನ್ನ ಉದ್ದೇಶ ಘೋರೆಪಾನಿ ಹಳ್ಳಿಯ ಮೇಲಿರುವ 3,210 ಮೀಟರ್ ಎತ್ತರದ ಪೂನ್ ಹಿಲ್ ಚಾರಣವಾಗಿತ್ತು. ಅನ್ನಪೂರ್ಣ ಸಂರಕ್ಷಿತ ಪ್ರದೇಶದ ಪ್ರವೇಶಪತ್ರಕ್ಕೆ ಬೇರೆ ವಿದೇಶೀಯರು ನೇಪಾಳದ 3,000 ರೂಪಾಯಿ ಕೊಟ್ಟರೆ ಭಾರತವೂ ಸೇರಿದ ದಕ್ಷಿಣ ಏಷ್ಯಾದ ಸಾರ್ಕ್ ಒಕ್ಕೂಟದ ದೇಶದವರಿಗೆ 1,000 ಮಾತ್ರ. ವಿದೇಶಿ ಚಾರಣಿಗರು ಮಾರ್ಗದರ್ಶಕರೊಂದಿಗೇ ಹೋಗಬೇಕೆಂಬ ನಿಯಮ 2023ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿದೆ. ಹಾಸ್ಟೆಲಿನಲ್ಲಿ ಪರಿಚಯವಾದವರೊಂದಿಗೆ ಸೇರಿ ಒಬ್ಬ ಮಾರ್ಗದರ್ಶಕರನ್ನು ಗೊತ್ತುಮಾಡಿಕೊಂಡು ಅವರ ಸಂಬಳವನ್ನು ಹಂಚಿಕೊಂಡೆವು. ಕಲಬುರಗಿಯ ಸೆಕೆಗೆ ಹೊಂದಿದ ಬಟ್ಟೆಗಳಷ್ಟೇ ನನ್ನಲ್ಲಿದ್ದವು. ದಪ್ಪ ಜಾಕೆಟ್ಟು, ಸ್ಲೀಪಿಂಗ್ ಬ್ಯಾಗು ಪೋಖರಾದ ಅಂಗಡಿಗಳಲ್ಲಿ ದಿನಬಾಡಿಗೆಗೆ ಸಿಗುತ್ತವೆ, ಒಂದು ಚಾರಣಕ್ಕಾಗಿ ಅವನ್ನು ಕೊಳ್ಳಬೇಕಿಲ್ಲ.

ಬೆಟ್ಟದ ದಾರಿಯ ಟೀ ಹೌಸುಗಳ, ಅಂದರೆ ಚಾರಣಿಗರ ಸಣ್ಣ ವಸತಿಗೃಹಗಳ, ಲೆಕ್ಕಾಚಾರವನ್ನು ಅರಿತವರಿಗೆ ಖರ್ಚು ಹಿಡಿತದಲ್ಲಿರುತ್ತದೆ. ಕೋಣೆಯ ಬಾಡಿಗೆ ಬಹಳ ಕಡಿಮೆ, ಆದರೆ ರಾತ್ರಿಯ ಊಟವನ್ನೂ ಬೆಳಗಿನ ತಿಂಡಿಯನ್ನೂ ಅಲ್ಲಿಯೇ ಮಾಡಬೇಕೆಂಬುದು ರೂಢಿ. ಅವರ ಗಳಿಕೆ ಇರುವುದು ಅಡುಗೆಮನೆಯಲ್ಲಿ. ಅಕ್ಕಿ, ಗ್ಯಾಸು, ನೀರಿನ ಬಾಟಲಿ ಎಲ್ಲವೂ ಹೇಸರಗತ್ತೆ ಅಥವಾ ಮನುಷ್ಯರ ಬೆನ್ನಿನ ಮೇಲೆ ಬರುವುದರಿಂದ ಮೇಲೆ ಹೋದಂತೆ ಬೆಲೆ ಏರುತ್ತದೆ. ಆ ಬೆಲೆಗೆ ಚೌಕಾಸಿ ಮಾಡುವುದು ನ್ಯಾಯವಲ್ಲವೆಂದು ನಾನು ನಂಬುತ್ತೇನೆ. ಉಳಿಸುವ ದಾರಿಗಳು ಬೇರೆ ಇವೆ. ದಾಲ್ ಭಾತ್ ತೆಗೆದುಕೊಂಡರೆ ಅನ್ನ, ಬೇಳೆ, ಪಲ್ಯವನ್ನು ಹೊಟ್ಟೆ ತುಂಬುವವರೆಗೆ ಬಡಿಸುತ್ತಾರೆ, ಪಿಜ್ಜಾ ನೂಡಲ್ಸ್‌ಗಳಿಗೆ ಆ ಸೌಲಭ್ಯವಿಲ್ಲ. ಬಾಟಲಿ ನೀರಿನ ಬದಲು ನಲ್ಲಿಯ ನೀರಿಗೆ ಕ್ಲೋರಿನ್ ಮಾತ್ರೆ ಹಾಕಿ, ಅದು ಕೆಲಸ ಮಾಡುವಷ್ಟು ಹೊತ್ತು ಬಿಟ್ಟು ಕುಡಿದೆ. ಬಿಸಿನೀರಿನ ಸ್ನಾನಕ್ಕೂ ಮೊಬೈಲ್ ಚಾರ್ಜಿಗೂ ಹಲವೆಡೆ ಪ್ರತ್ಯೇಕ ಹಣ ಕೊಡಬೇಕಾದ್ದರಿಂದ ಪವರ್ ಬ್ಯಾಂಕನ್ನು ಪೋಖರಾದಲ್ಲಿಯೇ ತುಂಬಿಸಿಕೊಂಡಿದ್ದೆ.

ಮನೆಯಿಂದ ಅವ್ವ ಕಟ್ಟಿಕೊಟ್ಟಿದ್ದ ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿ ಈ ಪ್ರಯಾಣದ ದೊಡ್ಡ ಆಸರೆಯಾದವು. ಒಣಗಿದ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ತೂಕವೂ ಇಲ್ಲ. ರೈಲಿನಲ್ಲಿ ಮತ್ತು ಚಾರಣದ ಮಧ್ಯಾಹ್ನಗಳಲ್ಲಿ ನಾನು ಊಟಕ್ಕೆ ಹಣ ಕೊಟ್ಟದ್ದು ಅಪರೂಪ. ಮುರಿಯದಂತೆ ಸ್ಟೀಲ್ ಡಬ್ಬಿಯಲ್ಲಿ ಇಟ್ಟುಕೊಳ್ಳಬೇಕು, ಅಷ್ಟೆ. ನಮ್ಮ ಭಾಗದವರಿಗೆ ಇರುವ ಇನ್ನೊಂದು ಅನುಕೂಲ ಭಾಷೆ. ಕಲಬುರಗಿಯ ಬೀದಿಗಳಲ್ಲಿ ಕೇಳಿ ಕಲಿತ ದಖನಿಯೇ ನೇಪಾಳದ ಬಸ್ ನಿಲ್ದಾಣ, ಅಂಗಡಿಗಳಲ್ಲಿ ಹಿಂದಿಯಾಗಿ ಕೆಲಸಕ್ಕೆ ಬಂತು, ದರ ವಿಚಾರಿಸಲು ಮಧ್ಯವರ್ತಿಗಳ ಅಗತ್ಯವೇ ಬೀಳಲಿಲ್ಲ.

ನಾನು ಹೋದದ್ದು ಯುಗಾದಿಯ ಆಸುಪಾಸಿನಲ್ಲಿ. ಆಗ ಘೋರೆಪಾನಿಯ ಕಾಡಿನಲ್ಲಿ ನೇಪಾಳದ ರಾಷ್ಟ್ರಪುಷ್ಪವಾದ ಲಾಲಿಗುರಾಂಸ್ ಕೆಂಪಗೆ ಅರಳಿರುತ್ತದೆ. ಪೂನ್ ಹಿಲ್ಲಿನಿಂದ 8,167 ಮೀಟರಿನ ಧವಳಗಿರಿಯನ್ನೂ 8,091 ಮೀಟರಿನ ಅನ್ನಪೂರ್ಣವನ್ನೂ ಸೂರ್ಯೋದಯದಲ್ಲಿ ಕಂಡೆ. ಅಕ್ಟೋಬರ್, ನವೆಂಬರಿನಲ್ಲಿ ಆಕಾಶ ಇನ್ನೂ ಶುಭ್ರವಾಗಿರುತ್ತದೆ, ಆದರೆ ನೇಪಾಳದ ದಸರೆಯಾದ ದಸಾಯಿಂ ಹಬ್ಬದ ದಿನಗಳಲ್ಲಿ ಬಸ್ಸುಗಳಲ್ಲಿ ಜಾಗ ಸಿಗುವುದು ಕಷ್ಟ. ಜೂನಿನಿಂದ ಸೆಪ್ಟೆಂಬರ್‌ವರೆಗೆ ಮಳೆಗೆ ಗುಡ್ಡ ಕುಸಿದು ರಸ್ತೆಗಳು ಮುಚ್ಚುವುದುಂಟು. ಆಗ ಕೋಣೆ ಅಗ್ಗವಾದರೂ ದಾರಿಯಲ್ಲಿ ಸಿಕ್ಕಿಬಿದ್ದು ಕಳೆಯುವ ದಿನಗಳ ಖರ್ಚು ಆ ಉಳಿತಾಯವನ್ನು ನುಂಗುತ್ತದೆ.

ಒಂದು ಕಡೆ ಮಾತ್ರ ಹಣ ಉಳಿಸಬಾರದು: ಪ್ರಯಾಣ ವಿಮೆ. ಪಾಲಿಸಿಯಲ್ಲಿ ಚಾರಣಕ್ಕೆ ಎಷ್ಟು ಎತ್ತರದವರೆಗೆ ರಕ್ಷಣೆ ಇದೆ, ಹೆಲಿಕಾಪ್ಟರಿನಲ್ಲಿ ಕೆಳಗಿಳಿಸುವ ವೆಚ್ಚ ಅದರಲ್ಲಿ ಸೇರಿದೆಯೇ ಎಂಬ ಎರಡು ಸಂಗತಿಗಳನ್ನು ಓದಿಯೇ ಕೊಳ್ಳಬೇಕು. ಅಗ್ಗದ ಪಾಲಿಸಿಗಳಲ್ಲಿ ಇವೇ ಬಿಟ್ಟುಹೋಗಿರುವುದು ಹೆಚ್ಚು.

ಕಾಠ್ಮಂಡುವಿನಲ್ಲಿ ಥಮೇಲಿನ ಹಾಸ್ಟೆಲಿನಲ್ಲಿ ಉಳಿದು ಪಶುಪತಿನಾಥನ ದರ್ಶನ ಮಾಡಿದೆ. ಅಲ್ಲಿನ ಮುಖ್ಯ ಅರ್ಚಕರಾದ ಭಟ್ಟರು ಕರ್ನಾಟಕ ಮೂಲದವರು. ಹತ್ತಿರದ ಹಳೆಯ ನಗರಗಳಾದ ಪಾಟನ್, ಭಕ್ತಪುರದ ಪ್ರವೇಶ ಶುಲ್ಕದಲ್ಲಿಯೂ ಸಾರ್ಕ್ ದೇಶದವರಿಗೆ ರಿಯಾಯಿತಿ ಇದೆ, ಗುರುತಿನ ಚೀಟಿ ಕೈಯಲ್ಲಿರಬೇಕು. ಹಿಂದಿರುಗುವಾಗ ಉಳಿದ ನೇಪಾಳಿ ನೋಟುಗಳನ್ನು ಗಡಿಯಲ್ಲಿಯೇ ಬದಲಿಸಿಕೊಂಡು ಗೋರಖಪುರದ ಬಸ್ಸು ಹತ್ತಿದೆ, ಏಕೆಂದರೆ ಕಲಬುರಗಿಗೆ ಬಂದ ಮೇಲೆ ಅವನ್ನು ತೆಗೆದುಕೊಳ್ಳುವವರನ್ನು ಹುಡುಕಬೇಕಾಗುತ್ತದೆ.