ಮಲಗಿದವರ ಪಕ್ಕ ನಿಂತವರು

ರೋಗಿಯ ಮನೆಗೆ ಹೋದ ಕೂಡಲೇ ನಾನು ಬ್ಯಾಗ್ ಬಿಚ್ಚುವುದಿಲ್ಲ. ಮೊದಲು ಕೂರುತ್ತೇನೆ. ಮಂಚದ ಹತ್ತಿರ ಸ್ಟೂಲ್ ಇದ್ದರೆ ಸ್ಟೂಲಿನಲ್ಲಿ, ಇಲ್ಲದಿದ್ದರೆ ಚಾಪೆಯಲ್ಲಿ. ನಿಂತೇ ಮಾತಾಡಿದರೆ 'ಸಿಸ್ಟರ್ ಈಗಲೇ ಹೊರಡ್ತಾರೆ' ಅಂತ ಅವರಿಗೆ ಅನ್ನಿಸಿಬಿಡುತ್ತದೆ. ಆಮೇಲೆ ಏನು ಕೇಳಿದರೂ 'ಹಾಂ, ಪರವಾಗಿಲ್ಲ' ಅನ್ನುವ ಉತ್ತರವೇ ಸಿಗುವುದು.

ಕಾಸರಗೋಡು ಜಿಲ್ಲೆಯ ಮಂಜೇಶ್ವರ ತಾಲೂಕಿನ ಕಡೆ ನಾನು ಪಾಲಿಯೇಟಿವ್ ನರ್ಸ್, ಅಂದರೆ ಗುಣವಾಗದ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ ಆರೈಕೆ ನನ್ನ ಕೆಲಸ. ಅದಕ್ಕೆ ಮುಂಚೆ ಆಸ್ಪತ್ರೆಯ ವಾರ್ಡಿನಲ್ಲಿದ್ದೆ. ಕೇರಳ ಸರ್ಕಾರ 2008ರಲ್ಲಿ ಪಾಲಿಯೇಟಿವ್ ಆರೈಕೆಗೆ ಒಂದು ನೀತಿ ತಂದಿತು. ಈಗ ಪಂಚಾಯತಿನ ಲೆಕ್ಕದಲ್ಲೇ ಮನೆಮನೆಗೆ ಹೋಗುವ ವ್ಯವಸ್ಥೆ ಇದೆ. ಒಂದು ಗಾಡಿ, ನಾನು, ಆ ವಾರ್ಡಿನ ಆಶಾ ಕಾರ್ಯಕರ್ತೆ. ಕ್ಯಾನ್ಸರ್ ಆದವರು, ಪಾರ್ಶ್ವವಾಯು ಬಡಿದವರು, ಅಡಿಕೆ ಮರದಿಂದ ಬಿದ್ದು ಸೊಂಟದ ಕೆಳಗೆ ಬಲ ಕಳಕೊಂಡವರು. ವಾರ್ಡಿನಲ್ಲಿ ರೋಗಿ ನಮ್ಮ ಕೈಯಲ್ಲಿರುತ್ತಾನೆ. ಮನೆಯಲ್ಲಿ ಹಾಗಲ್ಲ. ನಾನು ಇರುವುದು ಅರ್ಧ ಗಂಟೆ, ಉಳಿದ ಹೊತ್ತೆಲ್ಲ ಹೆಂಡತಿಯೋ ಸೊಸೆಯೋ ನೋಡಬೇಕು. ಹಾಗಾಗಿ ಅವಳ ಕೈಗೆ ಕೆಲಸ ಕಲಿಸುವುದೇ ನನ್ನ ದೊಡ್ಡ ಕೆಲಸ.

ಬೆನ್ನಿನ ಹುಣ್ಣನ್ನೇ ತೆಗೆದುಕೊಳ್ಳಿ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಅಂತ ಹೇಳುವುದು ಸುಲಭ. ಆದರೆ ಎಪ್ಪತ್ತು ಕಿಲೋದ ಗಂಡನನ್ನು ಐವತ್ತು ಕಿಲೋದ ಹೆಂಡತಿ ಹೇಗೆ ತಿರುಗಿಸಬೇಕು? ಹಳೆಯ ಪಂಚೆ ತರಿಸುತ್ತೇನೆ. ನಾಲ್ಕು ಮಡಿಕೆ ಮಾಡಿ ಭುಜದಿಂದ ತೊಡೆಯವರೆಗೆ ಬರುವ ಹಾಗೆ ಅವರ ಅಡಿಗೆ ಹಾಕುವುದು. ಆಮೇಲೆ ಮೈಯನ್ನು ಎಳೆಯಬೇಕಾಗಿಲ್ಲ, ಪಂಚೆಯ ಅಂಚು ಹಿಡಿದು ಎತ್ತಿ ನಮ್ಮ ಕಡೆಗೆ ಹೊರಳಿಸಿದರೆ ಸಾಕು. ಚರ್ಮ ಹಾಸಿಗೆಗೆ ಉಜ್ಜಬಾರದು, ಅದೇ ಮುಖ್ಯ. ಮಂಡಿಗಳ ನಡುವೆ ಒಂದು ದಿಂಬು, ಹಿಮ್ಮಡಿ ಹಾಸಿಗೆಗೆ ತಾಗದ ಹಾಗೆ ಮೀನಗಂಡದ ಅಡಿಗೆ ಇನ್ನೊಂದು. ಕೆಂಪಾದ ಜಾಗವನ್ನು ಬೆರಳಲ್ಲಿ ಒತ್ತಿ ಬಿಟ್ಟಾಗ ಬಿಳಿಚದೆ ಕೆಂಪಾಗಿಯೇ ಉಳಿದರೆ ಅಲ್ಲಿ ಹುಣ್ಣು ಶುರುವಾಗುತ್ತಿದೆ ಅಂತ ಲೆಕ್ಕ. ಮೊದಲ ಸಲ ನಾನು ಮಾಡಿ ತೋರಿಸುತ್ತೇನೆ. ಆಮೇಲೆ ಅವರ ಕೈ ಮೇಲೆ ನನ್ನ ಕೈ. ಮತ್ತೆ ನಾನು ಸುಮ್ನೆ ಕೂತು ನೋಡುತ್ತೇನೆ. ಕೈ ಹಾಕಬೇಕು ಅಂತ ತುಂಬಾ ಅನ್ನಿಸುತ್ತದೆ, ಹಾಕಬಾರದು.

ಪೆರ್ಲದ ಕಡೆಯ ಒಬ್ಬರಿಗೆ ಗಡಿಯಾರ ನೋಡಿ ನೋಡಿ ಸಾಕಾಗಿತ್ತು. ಬಸ್ಸು ಹೋದಾಗ ಎಡಕ್ಕೆ, ಮಧ್ಯಾಹ್ನ ಮಸೀದಿಯಲ್ಲಿ ಬಾಂಗು ಕೇಳಿದಾಗ ಬಲಕ್ಕೆ, ಮಕ್ಕಳು ಶಾಲೆಯಿಂದ ಬಂದಾಗ ಮತ್ತೆ ಎಡಕ್ಕೆ, ಹೀಗೆ ಅವರೇ ಒಂದು ಕ್ರಮ ಮಾಡಿಕೊಂಡರು. ಇದನ್ನು ಈಗ ನಾನು ಬೇರೆ ಮನೆಗಳಲ್ಲೂ ಹೇಳಿಕೊಡುತ್ತೇನೆ.

ಹುಣ್ಣಿಗಿಂತ ಜಾಸ್ತಿ ಕಷ್ಟ ಅದರ ವಾಸನೆ. ಕ್ಯಾನ್ಸರ್ ಗಾಯ ನಾರತೊಡಗಿದರೆ ನೆಂಟರು ಜಗಲಿಯಲ್ಲೇ ಮಾತಾಡಿ ಹೋಗುತ್ತಾರೆ. ರೋಗಿಗೆ ಅದು ಗೊತ್ತಾಗದೆ ಇರ್ತದಾ? ಡಾಕ್ಟರರು ಬರೆದುಕೊಟ್ಟ ಮೆಟ್ರೊನಿಡಜೋಲ್ ಮಾತ್ರೆಯನ್ನು ನುಣ್ಣಗೆ ಪುಡಿ ಮಾಡಿ, ತೊಳೆದ ಗಾಯಕ್ಕೆ ಉದುರಿಸಿದರೆ ಕೆಲವೇ ದಿನಗಳಲ್ಲಿ ವಾಸನೆ ಇಳಿಯುತ್ತದೆ. ಆಮೇಲೆ ಜನ ಒಳಗೆ ಬಂದು ಕೂರುತ್ತಾರೆ. ನಾನು ಕಂಡ ಅತಿ ಅಗ್ಗದ, ಅತಿ ದೊಡ್ಡ ಉಪಕಾರ ಇದು.

ಮಾರ್ಫಿನ್ ಅಂದರೆ ಮನೆಯವರು ಬೆಚ್ಚಿಬೀಳುತ್ತಾರೆ. 'ಕೊನೆಗೆ ಕೊಡುವ ಮದ್ದಲ್ವಾ ಸಿಸ್ಟರ್?' ಅಲ್ಲ, ನೋವಿಗೆ ಕೊಡುವ ಮದ್ದು. ನಾಲ್ಕು ಗಂಟೆಗೊಮ್ಮೆ, ನೋವು ಬರುವ ಮೊದಲೇ ಕೊಡಬೇಕು. ಜೊತೆಗೆ ಮಲಬದ್ಧತೆಯ ಮದ್ದು ತಪ್ಪಬಾರದು, ಇಲ್ಲದಿದ್ದರೆ ಹೊಟ್ಟೆ ಕಟ್ಟಿ ಬೇರೆ ಸಂಕಟ. ನೋವು ತಗ್ಗಿದವರು ಮೊದಲು ಕೇಳುವುದು ಸಾಮಾನ್ಯವಾಗಿ ಊಟ. ಗಂಜಿ, ಮಿಡಿ ಉಪ್ಪಿನಕಾಯಿ. ಕೊಡಿ ಅನ್ನುತ್ತೇನೆ. ಈ ಹಂತದಲ್ಲಿ ಪಥ್ಯ ಯಾರಿಗೆ ಬೇಕು?

'ಕಾಯಿಲೆ ಏನಂತ ಅವರಿಗೆ ಹೇಳ್ಬೇಡಿ' ಅಂತ ಗೇಟಿನ ಹತ್ತಿರವೇ ತಡೆದು ಹೇಳುವ ಮಕ್ಕಳಿದ್ದಾರೆ. ಅವರ ಜೊತೆ ವಾದ ಮಾಡುವುದಿಲ್ಲ. 'ನಾನಾಗಿ ಹೇಳುವುದಿಲ್ಲ, ಆದರೆ ಅವರು ಕೇಳಿದರೆ ಸುಳ್ಳೂ ಹೇಳುವುದಿಲ್ಲ' ಅನ್ನುತ್ತೇನೆ. ಒಬ್ಬ ಅಜ್ಜನ ಹತ್ತಿರ ಕೂತು, ನಿಮಗೆ ಏನಾಗಿದೆ ಅಂತ ಅನ್ನಿಸ್ತದೆ ಅಂತ ಕೇಳಿದೆ. ಅಜ್ಜ ಬಾಗಿಲ ಕಡೆ ನೋಡಿ, 'ಜಾಗದ ಪಾಲು ಮಾಡಿಸ್ಬೇಕು ಮಗಳೇ. ಕೇಳಿದಾಗೆಲ್ಲ ಇವರು ಗುಣ ಆಗ್ತದೆ, ಗುಣ ಆಗ್ತದೆ ಅಂತಾರೆ. ರಿಜಿಸ್ಟ್ರಾರ್ ಕಚೇರಿಗೆ ಹೋಗುವುದು ಯಾವಾಗ?' ಅಂದರು. ಮಗನನ್ನು ಒಳಗೆ ಕರೆದೆ. ಅಜ್ಜನೇ ಮಾತಾಡಿದರು.

ಎಣ್ಮಕಜೆ ಕಡೆಗೆ ಹೋದರೆ ಕಥೆಯೇ ಬೇರೆ. ಗೇರು ತೋಟಗಳಿಗೆ 2000ದವರೆಗೂ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸಿಂಪಡಿಸಿದ ಊರುಗಳು ಅವು. ಕಾಯಿಲೆ, ಅಂಗವೈಕಲ್ಯದಿಂದ ಮಲಗಿದ ಅಂದಿನ ಮಕ್ಕಳು ಈಗ ದೊಡ್ಡವರು, ಎತ್ತಿಕೊಳ್ಳುವ ಅಮ್ಮಂದಿರಿಗೆ ವಯಸ್ಸಾಗಿದೆ. ಅವರಿಗೆ ನಾನು ಕಲಿಸುವುದು ಏನೂ ಇಲ್ಲ. ಮಗನ ಕಣ್ಣು ಮಿಟುಕಿದರೆ ಅಪಸ್ಮಾರ ಬರುತ್ತದಾ ಇಲ್ಲವಾ ಅಂತ ಅವರೇ ಹೇಳುತ್ತಾರೆ. ಒಬ್ಬರು ಕೇಳಿದ್ದು ಇಷ್ಟೇ: 'ಸಿಸ್ಟರ್, ಸ್ವಲ್ಪ ಹೊತ್ತು ಇರ್ತೀರಾ? ತಲೆಗೆ ಮಿಂದು ಬರ್ತೇನೆ.' ಕೂತೆ. ರಿಜಿಸ್ಟರಿನಲ್ಲಿ ಇದಕ್ಕೆ ಕಾಲಮ್ ಇಲ್ಲ, 'ಕೌನ್ಸೆಲಿಂಗ್' ಅಂತ ಬರೆದೆ. ತಪ್ಪೇನಿಲ್ಲ ಬಿಡಿ.

2020ರ ಮಾರ್ಚ್‌ನಲ್ಲಿ ಕೊರೋನಾ ಬಂದಾಗ ಕೇರಳ-ಕರ್ನಾಟಕದ ನಡುವಿನ ತಲಪಾಡಿಯ ಗಡಿ ಮುಚ್ಚಿ, ಚಿಕಿತ್ಸೆಗೆ ಮಂಗಳೂರನ್ನೇ ನಂಬಿದವರು ಕಂಗಾಲಾಗಿದ್ದರು. ಆಗ ಪಂಚೆಯ ಮಡಿಕೆಯನ್ನು ವಾಟ್ಸಾಪ್ ವಿಡಿಯೋದಲ್ಲಿ ತೋರಿಸಿದ್ದೂ ಇದೆ.

ರೋಗಿ ತೀರಿಕೊಂಡ ಮೇಲೆ ಮತ್ತೊಮ್ಮೆ ಹೋಗಲೇಬೇಕು. ನಮ್ಮಲ್ಲಿ ಅದಕ್ಕೊಂದು ನೆಪವೂ ಇದೆ, ರೋಗಿಗೆ ಕೊಟ್ಟಿದ್ದ ಏರ್ ಬೆಡ್ (ಗಾಳಿ ತುಂಬುವ ಹಾಸಿಗೆ) ವಾಪಸ್ ತರುವುದು. ಇನ್ನೊಂದು ಮನೆಯವರು ಅದಕ್ಕೆ ಕಾಯುತ್ತಿರುತ್ತಾರೆ, ಆದರೂ ಬೊಜ್ಜ (ಉತ್ತರಕ್ರಿಯೆ) ಮುಗಿಯದೆ ಕೇಳುವುದಿಲ್ಲ. ಕೇಳುವ ಮೊದಲೇ ತೊಳೆದು ಒಣಗಿಸಿ ಮಡಚಿ ಇಟ್ಟಿರುತ್ತಾರೆ ಕೆಲವರು. ಆ ದಿನ ಕಾಪಿ ಕುಡಿಯದೆ ಬರುವುದಿಲ್ಲ. ಸೊಸೆಗೆ ಸೊಂಟನೋವು ಹೇಗಿದೆ, ರಾತ್ರಿ ನಿದ್ದೆ ಬರುತ್ತದಾ ಅಂತ ವಿಚಾರಿಸುತ್ತೇನೆ. ಎರಡು ಗಂಟೆಗೊಮ್ಮೆ ಎಚ್ಚರ ಆಗ್ತದೆ ಸಿಸ್ಟರ್ ಅನ್ನುವವರೇ ಜಾಸ್ತಿ. ಸ್ವಲ್ಪ ಸಮಯ ಹಾಗೇ ಇರ್ತದೆ ಅಂತ ಹೇಳಿ, ಬೆಡ್ಡಿನ ಪಂಪು, ವಯರು ಎಲ್ಲ ಇದೆಯಾ ಅಂತ ನೋಡಿಕೊಂಡು ಗಾಡಿಗೆ ಹಾಕಿಸುತ್ತೇನೆ.