ಒಂದು ಚುಕ್ಕಿ ಬಿಟ್ಟುಹೋಗಿ ಎರಡು ದಿನ ಮೇಲ್ ಇಲ್ಲ

ತೀರ್ಥಹಳ್ಳಿ ಹತ್ತಿರ ನಮ್ಮ ಭಾವನದ್ದೊಂದು ಹೋಂಸ್ಟೇ ಇದೆ. ಅದರ ಡೊಮೇನ್, ಮೇಲ್, ವೆಬ್‌ಸೈಟ್ ಎಲ್ಲಾ ನೋಡಿಕೊಳ್ಳುವುದು ನಾನೇ. ಸಂಬಳ ಅಂದ್ರೆ ವರ್ಷಕ್ಕೆ ಒಂದು ಡಬ್ಬ ಜೋನಿ ಬೆಲ್ಲ, ಒಂದು ಭರಣಿ ಅಪ್ಪೆಮಿಡಿ. ಕಳೆದ ಮಳೆಗಾಲದಲ್ಲಿ ಅದರ ಡಿಎನ್ಎಸ್ ರೆಕಾರ್ಡುಗಳನ್ನು (ಸೈಟ್ ಎಲ್ಲಿದೆ, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಸಾಲುಗಳು) ಒಂದು ಕಂಪನಿಯಿಂದ ಇನ್ನೊಂದಕ್ಕೆ ಸಾಗಿಸಬೇಕಾಯ್ತು. ಇದ್ದದ್ದು 30ರ ಆಸುಪಾಸು. ಕೈಯಲ್ಲೇ ಟೈಪ್ ಮಾಡಿದ್ದರೆ ಒಂದು ಗಂಟೆ ಕೆಲಸ, ಆದ್ರೆ ಕೋಡ್ ಬರೆಯೋರ ಬುದ್ಧಿ ಕೇಳಬೇಕಲ್ಲ, ಡಿಎನ್ಎಸ್‌ಪೈಥಾನ್ ಅನ್ನೋ ಪೈಥಾನ್ ಲೈಬ್ರರಿ ಇಟ್ಟುಕೊಂಡು ಸ್ಕ್ರಿಪ್ಟ್ ಬರೆಯಲು ಕೂತೆ.

ಹಳೇ ಕಡೆಯಿಂದ ಝೋನ್ ಫೈಲ್, ಅಂದರೆ ಆ ಡೊಮೇನಿನ ರೆಕಾರ್ಡುಗಳ ಪಟ್ಟಿ, ಸಿಕ್ಕಿತು. ಓದಿಸಿದರೆ ಎಸ್ಒಎ (ಝೋನಿನ ಮೊದಲಿಗೆ ಇರಬೇಕಾದ ಮುಖ್ಯ ರೆಕಾರ್ಡ್) ಇಲ್ಲ ಅಂತ ಲೈಬ್ರರಿ ತಕರಾರು ತೆಗೆಯಿತು. ಅದನ್ನು ಪರೀಕ್ಷಿಸುವ 'ಚೆಕ್_ಒರಿಜಿನ್' ಫಾಲ್ಸ್ ಮಾಡಿದೆ, ಸುಮ್ಮನಾಯ್ತು. ಒಂದೊಂದು ರೆಕಾರ್ಡನ್ನೂ 'ಟು_ಟೆಕ್ಸ್ಟ್' ಮಾಡಿ, ಅಂದರೆ ಪಠ್ಯವಾಗಿಸಿ, ಹೊಸ ಕಡೆಯ ಎಪಿಐಗೆ (ಸ್ಕ್ರಿಪ್ಟುಗಳು ಮಾತಾಡುವ ಬಾಗಿಲು) ಕಳಿಸಿದೆ. ಯಾವುದಕ್ಕೂ ಎರರ್ ಇಲ್ಲ. ಡೊಮೇನಿನ ಬಗ್ಗೆ ಉತ್ತರ ಕೊಡುವ ನೇಮ್‌ಸರ್ವರ್ ಬದಲಾಯಿಸಿದೆ, ಸೈಟ್ ತೆರೆದುಕೊಂಡಿತು, ಊಟ ಮಾಡಿ ಮಲಗಿದೆ.

ಮೂರನೇ ದಿನ ಬೆಂಗಳೂರಿಂದ ಯಾರೋ ಭಾವನಿಗೆ ಫೋನ್ ಮಾಡಿದರಂತೆ. "ನಿಮಗೆ ಮೇಲ್ ಹಾಕಿದ್ರೆ ವಾಪಸ್ ಬರ್ತಿದೆಯಲ್ರೀ!"

ಮೇಲ್ ಯಾವ ಸರ್ವರಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ರೆಕಾರ್ಡ್ ಕೇಳಿ ನೋಡಿದೆ. '10 ಮೇಲ್.' ಅಂತ ಬಂತು (10 ಅನ್ನುವುದು ಆದ್ಯತೆ). ಅಷ್ಟೇ. 'ಮೇಲ್' ನಂತರ ಇರಬೇಕಾದ ಹೋಂಸ್ಟೇ ಡೊಮೇನೇ ಮಾಯ!

ವಿಷಯ ಏನಂದ್ರೆ, ಡಿಎನ್ಎಸ್‌ನಲ್ಲಿ ಪೂರ್ತಿ ಹೆಸರಿನ ಕೊನೆಗೆ ಒಂದು ಚುಕ್ಕಿ ಇರುತ್ತದೆ, ಅದು ರೂಟ್. ಝೋನ್ ಫೈಲಿನಲ್ಲಿ ಚುಕ್ಕಿ ಇಲ್ಲದ ಹೆಸರು ಕಂಡರೆ ಆ ಝೋನಿನ ಹೆಸರನ್ನು ಸೇರಿಸಿ ಓದಬೇಕು. 1987ರ ಆರ್‌ಎಫ್‌ಸಿ 1035 ಅನ್ನುವ ಡಿಎನ್ಎಸ್ ಮಾನಕದ ಕಾಲದಿಂದಲೂ ಇದೇ ನಿಯಮ. ಮನೆಯಲ್ಲಿ "ತೋಟಕ್ಕೆ ಹೋಗಿದಾರೆ" ಅಂದರೆ ಯಾವ ತೋಟ ಅಂತ ಯಾರೂ ಕೇಳಲ್ಲ. ಶಿವಮೊಗ್ಗ ಬಸ್‌ಸ್ಟ್ಯಾಂಡಲ್ಲಿ ನಿಂತು ಅದೇ ಮಾತು ಹೇಳಿದರೆ? ಡಿಎನ್ಎಸ್‌ಪೈಥಾನ್ ಝೋನ್ ಓದುವಾಗ, ನಾವು ಬೇಡ ಅನ್ನದಿದ್ದರೆ, 'ರಿಲೇಟಿವೈಝ್' ಅನ್ನುವುದನ್ನು ಟ್ರೂ ಅಂತಲೇ ಇಟ್ಟುಕೊಳ್ಳುತ್ತದೆ. ಅಂದರೆ ಝೋನಿನ ಒಳಗಿನ ಹೆಸರುಗಳಿಂದ ಬಾಲ ಕತ್ತರಿಸಿ ಮೋಟು ಹೆಸರು ಇಡುತ್ತದೆ. ನಾನು ಆ ಮೋಟು ಹೆಸರನ್ನೇ ಕಳಿಸಿದ್ದೆ, ಹೊಸ ಕಡೆಯ ಎಪಿಐ ಅದನ್ನೇ ಪೂರ್ತಿ ಹೆಸರು ಅಂದುಕೊಂಡು ತಾನೇ ಕೊನೆಗೊಂದು ಚುಕ್ಕಿ ಇಟ್ಟಿತ್ತು. ಡಾಟ್ ಕಾಮ್ ಥರ ಡಾಟ್ ಮೇಲ್ ಅನ್ನೋ ಟಾಪ್ ಲೆವೆಲ್ ಡೊಮೇನ್ ಇಲ್ಲವೇ ಇಲ್ಲ, ಇನ್ನು ಮೇಲ್ ಹೋಗೋದಾದ್ರೂ ಎಲ್ಲಿಗೆ.

ಸೈಟ್ ಸರಿ ಇತ್ತಲ್ಲ, ಅದಕ್ಕೇ ಅನುಮಾನ ಬರಲಿಲ್ಲ. ಎ ರೆಕಾರ್ಡಿನಲ್ಲಿ ಇರುವುದು ಐಪಿ ವಿಳಾಸ, ಅದಕ್ಕೆ ಬಾಲವೂ ಇಲ್ಲ ಚುಕ್ಕಿಯೂ ಇಲ್ಲ. ಒಂದು ಹೆಸರಿಂದ ಇನ್ನೊಂದು ಹೆಸರಿಗೆ ಕಳಿಸುವ ರೆಕಾರ್ಡ್ ಸಿನೇಮ್; ಹೊರಗಿನ ಡೊಮೇನಿಗೆ ತೋರಿಸುತ್ತಿದ್ದ ಸಿನೇಮ್‌ಗಳೂ ಪೂರ್ತಿ ಹೆಸರಲ್ಲೇ ಉಳಿದಿದ್ದವು. ಚುಕ್ಕಿಯಿಂದ ಕೆಟ್ಟಿದ್ದು ಎಂಎಕ್ಸ್ ಮತ್ತು ಬುಕಿಂಗ್ ಪುಟದ ಒಂದು ಸಿನೇಮ್ ಮಾತ್ರ. 'ರಿಲೇಟಿವೈಝ್' ಫಾಲ್ಸ್ ಮಾಡಿ ಮತ್ತೆ ಓಡಿಸಿದೆ, ಸರಿಹೋಯ್ತು. ಆದರೆ ಟಿಟಿಎಲ್ (ಉತ್ತರವನ್ನು ಎಷ್ಟು ಹೊತ್ತು ನೆನಪಿಟ್ಟುಕೊಳ್ಳಬಹುದು ಅನ್ನುವ ಲೆಕ್ಕ) 14400 ಸೆಕೆಂಡ್ ಇತ್ತು. ತಪ್ಪು ಉತ್ತರವನ್ನು ಕ್ಯಾಶ್ ಮಾಡಿಕೊಂಡಿದ್ದ, ಬಳಸುವವರ ಪರವಾಗಿ ಡಿಎನ್ಎಸ್ ಕೇಳುವ ರಿಸಾಲ್ವರ್‌ಗಳು ನಾಲ್ಕು ಗಂಟೆ ತನಕ ಅದನ್ನೇ ಹೇಳಬಹುದು, ನಾವು ಏನೂ ಮಾಡುವ ಹಾಗಿಲ್ಲ. ಸಾಗಿಸುವ ಹಿಂದಿನ ದಿನವೇ ಅದನ್ನು 300ಕ್ಕೆ ಇಳಿಸಬೇಕಿತ್ತು. ಗೊತ್ತಿತ್ತು, ಸೋಮಾರಿತನ.

ಆಮೇಲೆ, ಪಠ್ಯ ಇಡುವ ಟಿಎಕ್ಸ್‌ಟಿ ರೆಕಾರ್ಡಿನ ಕಥೆ. ಉದ್ಧರಣ ಚಿಹ್ನೆಗಳ ಗೋಜು ಬೇಡ ಅಂತ ಅದಕ್ಕೆ ಮಾತ್ರ 'ಟು_ಟೆಕ್ಸ್ಟ್' ಬಿಟ್ಟು, 'ಸ್ಟ್ರಿಂಗ್ಸ್' ಅನ್ನುವುದರಲ್ಲಿ ಮೊದಲನೆಯದನ್ನು ಎತ್ತಿಕೊಂಡಿದ್ದೆ. ಎಸ್‌ಪಿಎಫ್ (ನಮ್ಮ ಹೆಸರಲ್ಲಿ ಯಾವ ಸರ್ವರ್ ಮೇಲ್ ಕಳಿಸಬಹುದು ಅನ್ನುವ ಸಾಲು) ಹಾಕಿ ಪರೀಕ್ಷೆ ಮಾಡಿದ್ದೆ, ಚೆನ್ನಾಗೇ ಬಂತು. ಆದರೆ ಟಿಎಕ್ಸ್‌ಟಿ ಒಳಗಿನ ಒಂದು ಸ್ಟ್ರಿಂಗ್ 255 ಬೈಟ್ ದಾಟುವಂತಿಲ್ಲ. 2048 ಬಿಟ್‌ನ ಡಿಕಿಮ್ ಕೀ (ಮೇಲ್‌ನ ಸಹಿ ಪರೀಕ್ಷಿಸುವ ಕೀ) ಅದಕ್ಕಿಂತ ಉದ್ದ, ಹಾಗಾಗಿ ಎರಡು ತುಂಡಾಗಿ ಕೂತಿರುತ್ತದೆ. ನಾನು ಸಾಗಿಸಿದ್ದು ಮೊದಲ ತುಂಡು ಮಾತ್ರ. ಅರ್ಧ ಕೀ ಇಟ್ಟುಕೊಂಡು ಯಾರು ಸಹಿ ಪರೀಕ್ಷಿಸುತ್ತಾರೆ, ನಮ್ಮ ಮೇಲ್‌ಗಳ ಡಿಕಿಮ್ ಎಲ್ಲಾ ಫೇಲ್. ಎಲ್ಲಾ ತುಂಡುಗಳನ್ನೂ ನಡುವೆ ಏನೂ ಸೇರಿಸದೆ ಅಂಟಿಸಬೇಕು. ಅವು ಬೈಟ್ಸ್ ಬೇರೆ, ಡಿಕೋಡ್ ಮಾಡದೆ 'ಎಸ್‌ಟಿಆರ್' ಒಳಗೆ ಹಾಕಿದರೆ ಮುಂದೆ ಒಂದು 'ಬಿ' ಅಂಟಿಕೊಂಡು ಬರುತ್ತದೆ. ಅದನ್ನೂ ಮಾಡಿ ನೋಡಿದ್ದೇನೆ.

ಇಷ್ಟಾದ ಮೇಲೆ ಹಳೇದು ಹೊಸದು ಹೋಲಿಸುವ, ಮೊದಲೇ ಬರೆಯಬೇಕಿದ್ದ ಸ್ಕ್ರಿಪ್ಟ್ ಬರೆದೆ. ಪುಣ್ಯಕ್ಕೆ ಹಳೇ ಸರ್ವರ್ ಇನ್ನೂ ಉತ್ತರ ಕೊಡುತ್ತಿತ್ತು. ಕಂಪ್ಯೂಟರಿನ ಸೆಟ್ಟಿಂಗ್ ಓದದ ಹಾಗೆ 'ಕಾನ್ಫಿಗರ್' ಫಾಲ್ಸ್ ಮಾಡಿ ಎರಡು ರಿಸಾಲ್ವರ್, ಒಂದಕ್ಕೆ ಹಳೇ ನೇಮ್‌ಸರ್ವರ್, ಇನ್ನೊಂದಕ್ಕೆ ಹೊಸದು. ಅಲ್ಲಿ ಹೆಸರು ಕೊಟ್ಟರೆ ಒಪ್ಪಲ್ಲ, ಐಪಿಯೇ ಬೇಕು. ಪ್ರತಿ ಹೆಸರನ್ನೂ ಇಬ್ಬರಿಗೂ ಕೇಳಿ ಉತ್ತರಗಳನ್ನು ಸೆಟ್ ಮಾಡಿ ಹೋಲಿಸುವುದು, ಯಾಕಂದ್ರೆ ಉತ್ತರ ಬರುವ ಕ್ರಮ ಒಂದೇ ಇರುತ್ತದೆ ಅಂತ ನಂಬುವಂತಿಲ್ಲ.

ಮೊದಲ ಸಲ ಓಡಿಸಿದಾಗ ಎಂಟು ರೆಕಾರ್ಡ್ ಇಲ್ಲ ಅಂತು! ಎದೆ ಧಸಕ್ ಅಂತು. ನೋಡಿದರೆ ಹೊರಗೆ ಮಳೆ ಹುಯ್ಯುತ್ತಿತ್ತು, ಕರೆಂಟ್ ಇಲ್ಲ, ಮೊಬೈಲ್ ಹಾಟ್‌ಸ್ಪಾಟಿಗೆ ಸಿಗ್ನಲ್ ಅರ್ಧ ಕಡ್ಡಿ. ಉತ್ತರಕ್ಕೆ ಕಾಯುವ ಐದು ಸೆಕೆಂಡಿನ ಲೈಫ್‌ಟೈಮ್ ಮುಗಿದು ಟೈಮ್‌ಔಟ್ ಆಗಿತ್ತು, ಯಾವ ಎರರ್ ಬಂದರೂ ಹಿಡಿಯುವ ನನ್ನ ಖಾಲಿ 'ಎಕ್ಸೆಪ್ಟ್' ಅದನ್ನು ರೆಕಾರ್ಡ್ ಇಲ್ಲ ಅಂತ ಬರೆದುಕೊಂಡಿತ್ತು. ಹೆಸರೇ ಇಲ್ಲದಿದ್ದರೆ 'ಎನ್ಎಕ್ಸ್‌ಡೊಮೇನ್', ಹೆಸರಿದ್ದು ಕೇಳಿದ ಬಗೆಯ ರೆಕಾರ್ಡ್ ಇಲ್ಲದಿದ್ದರೆ 'ನೋಆನ್ಸರ್', ಟೈಮ್‌ಔಟ್ ಬೇರೆಯೇ. ಮೂರನ್ನೂ ಬಿಡಿಸಿ ಬರೆದು, ಲೈಫ್‌ಟೈಮ್ 20ಕ್ಕೆ ಏರಿಸಿ, ಮಳೆ ಸ್ವಲ್ಪ ಹೊಳವಾದ ಮೇಲೆ ಮತ್ತೆ ಓಡಿಸಿದೆ. ವ್ಯತ್ಯಾಸ ಸೊನ್ನೆ.

ಸಂಜೆ ಭಾವನಿಗೆ ಟೆಸ್ಟ್ ಮೇಲ್ ಹಾಕಿದೆ. "ಬಂತು ಮಾರಾಯ, ಎರಡು ಸಲ ಬಂತು" ಅಂದ. ಗಾಬರಿ ಬಿದ್ದು ನೋಡಿದರೆ ನಾನೇ ಎರಡು ಸಲ ಕಳಿಸಿದ್ದೆ.